ಬೇಸಗೆಯ ಹೊಳೆಯಲ್ಲಿ ಬಾಸ್ ಮತ್ತು ಗೆಂಡೆ

ಅಮೆರಿಕದ ಪೂರ್ವ ಪ್ರಾಂತ್ಯಗಳಲ್ಲಿ ಜೂನ್ ಕಳೆದು ಜುಲೈ ಕಾಲಿಡುವ ಹೊತ್ತಿಗೆ, ವರ್ಷದ ಹೆಚ್ಚಿನ ಭಾಗವನ್ನು ಬೆಟ್ಟದ ತಣ್ಣನೆಯ ತೊರೆಗಳಲ್ಲಿ ಟ್ರೌಟ್ ಮೀನಿನ ಬೆನ್ನುಹತ್ತಿ ಕಳೆಯುವ ಫ್ಲೈ ಗಾಳದ ಹವ್ಯಾಸಿಗಳು ತಮ್ಮ ಸರಂಜಾಮುಗಳನ್ನು ಕಟ್ಟಿಕೊಂಡು ಬಯಲಿನ ದೊಡ್ಡ ಹೊಳೆಗಳ ಕಡೆಗೆ ಇಳಿದುಬರುತ್ತಾರೆ. ಇದಕ್ಕೆ ಕಾರಣ ಟ್ರೌಟಿನ ಮೇಲಣ ದಾಕ್ಷಿಣ್ಯ. ಆ ಮೀನು ಶೀತಲವಾದ, ಪ್ರಾಣವಾಯು ಸಮೃದ್ಧವಾಗಿ ಬೆರೆತ ನೀರಿನಲ್ಲಿ ಮಾತ್ರ ಸುಖವಾಗಿ ಬಾಳಬಲ್ಲುದು. ನೀರಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ಸನ್ನು ದಾಟಿತೆಂದರೆ ಅದಕ್ಕೆ ಉಸಿರು ಸಾಲದಾಗುತ್ತದೆ, ಅಂಥ ಸ್ಥಿತಿಯಲ್ಲಿ ಗಾಳಕ್ಕೆ ಸಿಕ್ಕಿ ಸೆಣಸಿ ಸೋತ ಮೀನನ್ನು ಎಷ್ಟೇ ನಯವಾಗಿ ನೀರಿಗೆ ಮರಳಿ ಬಿಟ್ಟರೂ ಅದು ಬದುಕುವುದು ಸಂದೇಹವೇ. ಹಾಗಾಗಿ ಈ ವಿನೋದದಲ್ಲಿ ಸ್ವಲ್ಪವಾದರೂ ಮರ್ಯಾದೆಯನ್ನು ಉಳಿಸಿಕೊಂಡವರು ಗ್ರೀಷ್ಮದಲ್ಲಿ ಟ್ರೌಟನ್ನು ಅದರ ಪಾಡಿಗೆ ಬಿಟ್ಟು, ಬೆಚ್ಚಗಿನ ನೀರಿನಲ್ಲಿ ಚುರುಕಾಗುವ ಎರಡು ಮೀನುಗಳನ್ನು ಅರಸಿ ಹೋಗುತ್ತಾರೆ. ಒಂದು ಸ್ಮಾಲ್‌ಮೌತ್ ಬಾಸ್. ಇನ್ನೊಂದು ಕಾರ್ಪ್, ಎಂದರೆ ನಮ್ಮ ಕೆರೆಗಳಲ್ಲಿಯೂ ಸಾಕುವ ಸಾಮಾನ್ಯ ಗೆಂಡೆ.

ಈ ಎರಡು ಮೀನುಗಳ ಕಥೆಯನ್ನು ಹೇಳುವುದಕ್ಕೆ ಪೊಟೋಮ್ಯಾಕ್ ನದಿಗಿಂತ ಯೋಗ್ಯವಾದ ಸ್ಥಳ ನನಗೆ ತಿಳಿದಿಲ್ಲ. ವೆಸ್ಟ್ ವರ್ಜೀನಿಯದ ಬೆಟ್ಟಗಳಲ್ಲಿ ಫೇರ್‌ಫ್ಯಾಕ್ಸ್ ಸ್ಟೋನ್ ಎಂಬ ಹಳೆಯ ಗಡಿಗಲ್ಲಿನ ಬಳಿ ಹುಟ್ಟಿ, ಹಾರ್ಪರ್ಸ್ ಫೆರಿಯಲ್ಲಿ ಶೆನಂಡೋವಾ ನದಿಯನ್ನು ಕೂಡಿಕೊಂಡು, ಬ್ರನ್ಸ್‌ವಿಕ್, ಪಾಯಿಂಟ್ ಆಫ್ ರಾಕ್ಸ್ ಮೊದಲಾದ ಸಣ್ಣ ಊರುಗಳನ್ನು ಹಾದು, ಗ್ರೇಟ್ ಫಾಲ್ಸ್ ಎಂಬಲ್ಲಿ ಬಂಡೆಗಳ ನಡುವೆ ಭೋರ್ಗರೆದು ಧುಮುಕಿ, ವಾಷಿಂಗ್ಟನ್ ನಗರದ ಅಂಚಿಗೆ ಬರುವಾಗ ಸಮುದ್ರದ ಉಬ್ಬರವಿಳಿತಕ್ಕೆ ವಶವಾಗಿ, ಸುಮಾರು 650 ಕಿಲೋಮೀಟರುಗಳ ಪಯಣದ ಕೊನೆಗೆ ಚೆಸಪೀಕ್ ಕೊಲ್ಲಿಯನ್ನು ಸೇರುವ ಹೊಳೆಯಿದು. ಅದರ ಮೇರಿಲ್ಯಾಂಡ್ ಕಡೆಯ ದಡವನ್ನು ಹಿಡಿದು 1828ರಿಂದ 1850ರವರೆಗೆ ತೋಡಿದ ಕಾಲುವೆಯೊಂದಿದೆ. ದೋಣಿಗಳನ್ನು ಎಳೆಯುತ್ತಿದ್ದ ಹೇಸರಗತ್ತೆಗಳು ನಡೆದ ಹಾದಿ ಈಗ ರಾಷ್ಟ್ರೀಯ ಉದ್ಯಾನದ ಭಾಗವಾಗಿ ಪಾದಚಾರಿಗಳಿಗೂ ಗಾಳದವರಿಗೂ ಒದಗಿದೆ. ಇನ್ನೊಂದು ವಿಚಿತ್ರವನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಎರಡು ರಾಜ್ಯಗಳ ನಡುವೆ ಹರಿಯುವ ಹೊಳೆಯನ್ನು ನಡುವಿನಲ್ಲಿ ಪಾಲು ಮಾಡಿಕೊಳ್ಳುವುದು ಲೋಕರೂಢಿಯಷ್ಟೆ; ಇಲ್ಲಿಯಾದರೋ 1632ರ ರಾಜಶಾಸನದ ಬಲದಿಂದ, ವರ್ಜೀನಿಯದ ದಡದ ನೀರಂಚಿನವರೆಗೆ ಹೊಳೆ ಇಡಿಯಾಗಿ ಮೇರಿಲ್ಯಾಂಡಿನದು. ನೀರಿನ ಬಗ್ಗೆ ಇಬ್ಬರ ನಡುವಿನ ವ್ಯಾಜ್ಯ 2003ರಷ್ಟು ಈಚೆಗೆ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನು ಹತ್ತಿತ್ತು. ಕಾವೇರಿಯ ಮಕ್ಕಳಾದ ನಮಗೆ ಇದರಲ್ಲಿ ಆಶ್ಚರ್ಯಪಡತಕ್ಕದ್ದು ಹೆಚ್ಚೇನೂ ಇಲ್ಲ.

ಫ್ಲೈ ಗಾಳವೆಂದರೇನೆಂಬುದನ್ನು ಮೊದಲು ವಿವರಿಸಬೇಕು. ಹೊಳೆಯ ದಡದಲ್ಲಿ ಕುಳಿತು ಎರೆಹುಳುವನ್ನೋ ರಾಗಿಹಿಟ್ಟಿನ ಉಂಡೆಯನ್ನೋ ಕೊಕ್ಕೆಗೆ ಸಿಕ್ಕಿಸಿ ನೀರಿಗೆ ಬಿಡುವುದು ನಮಗೆಲ್ಲ ಗೊತ್ತಿರುವ ಗಾಳ. ಅಲ್ಲಿ ಕೊಕ್ಕೆಗೂ ಎರೆಗೂ ಅದರೊಡನೆ ಕಟ್ಟಿದ ಸೀಸದ ಗುಂಡಿಗೂ ತೂಕವಿರುತ್ತದೆ. ಬೀಸಿದಾಗ ಆ ತೂಕವೇ ಮುಂದೆ ಹಾರಿ ದಾರವನ್ನು ತನ್ನ ಹಿಂದೆ ಎಳೆದೊಯ್ಯುತ್ತದೆ. ಫ್ಲೈ ಎಂಬುದು ಕೊಕ್ಕೆಯೊಂದರ ಮೇಲೆ ಹಕ್ಕಿಯ ಗರಿ, ಜಿಂಕೆಯ ಕೂದಲು, ಉಣ್ಣೆ, ರೇಷ್ಮೆಯ ನೂಲು ಇವುಗಳನ್ನು ಸುತ್ತಿ, ಹುಳುವಿನಂತೆಯೋ ಮರಿಮೀನಿನಂತೆಯೋ ತೋರುವ ಹಾಗೆ ಕೈಯಿಂದ ಕಟ್ಟಿದ ಕೃತಕ ಎರೆ. ಊದಿದರೆ ಹಾರಿಹೋಗುವಷ್ಟು ಹಗುರವಾದ ಇದನ್ನು ಎಷ್ಟು ಬಲವಾಗಿ ಎಸೆದರೂ ಅದು ಎಸೆದವನ ಕಾಲ ಬಳಿಯೇ ಬೀಳುವುದು. ಆದಕಾರಣ ಇಲ್ಲಿ ತೂಕವನ್ನು ದಾರಕ್ಕೇ ಕೊಟ್ಟಿದ್ದಾರೆ. ದಪ್ಪನಾದ, ನಯವಾದ ಆ ದಾರದ ಮೊದಲ 30 ಅಡಿಗಳ ತೂಕವನ್ನು ಅಳೆದು ಅದಕ್ಕೆ ಕ್ರಮಾಂಕ ಕೊಡುವುದು ಪದ್ಧತಿ. ಬಾಸಿಗೆ ಬಳಸುವ 6ನೆಯ ಕ್ರಮಾಂಕದ ದಾರದ ಆ ಭಾಗ ಹತ್ತು ಗ್ರಾಮಿಗಿಂತ ತುಸು ಹೆಚ್ಚು ತೂಗಿದರೆ, ಗೆಂಡೆಗೆ ಬಳಸುವ 8ನೆಯ ಕ್ರಮಾಂಕದ್ದು ಹದಿಮೂರೂವರೆ ಗ್ರಾಮಿನಷ್ಟು ತೂಗುತ್ತದೆ. ಒಂಬತ್ತು ಅಡಿಯ ಬಳುಕುವ ಕೋಲನ್ನು ಹಿಂದಕ್ಕೆ ಬೀಸಿ, ಬೆನ್ನ ಹಿಂದೆ ದಾರ ಪೂರ್ತಿಯಾಗಿ ಬಿಚ್ಚಿಕೊಳ್ಳುವವರೆಗೆ ತಡೆದು, ಬಳಿಕ ಮುಂದಕ್ಕೆ ಬೀಸಿ ಥಟ್ಟನೆ ನಿಲ್ಲಿಸಿದರೆ, ದಾರವು ಗಾಳಿಯಲ್ಲಿ ಕಿರಿದಾದ ಕುಣಿಕೆಯಾಗಿ ಉರುಳುತ್ತ ಹೋಗಿ, ತುದಿಯ ಸಣ್ಣ ನೈಲಾನ್ ಎಳೆಯನ್ನೂ ಅದಕ್ಕೆ ಕಟ್ಟಿದ ಫ್ಲೈಯನ್ನೂ ಬೇಕಾದ ತಾಣದಲ್ಲಿ ಇಳಿಸುತ್ತದೆ. ಎತ್ತಿನ ಗಾಡಿಯವನು ಬಾರುಕೋಲನ್ನು ಬೀಸುವುದನ್ನು ಕಂಡವರಿಗೆ ಇದರ ಮರ್ಮ ಬೇಗ ಹೊಳೆಯುತ್ತದೆ. ಕಷ್ಟವೆಲ್ಲ ಇರುವುದು ಆ ತಡೆಯುವ ಕ್ಷಣದಲ್ಲಿ. ಬೆನ್ನ ಹಿಂದೆ ಕಣ್ಣಿಗೆ ಕಾಣದೆ ನಡೆಯುವುದನ್ನು ಕೈಯ ಸ್ಪರ್ಶದಿಂದ ಅರಿತು ಕಾಯುವ ಸಹನೆ ಬಲದ ತೋಳಿಗೆ ಸುಲಭವಾಗಿ ಬರುವಂಥದಲ್ಲ.

ಈ ವಿದ್ಯೆ ಹೊಸದೇನೂ ಅಲ್ಲ. ಕ್ರಿಸ್ತಶಕ 200ರ ಸುಮಾರಿನಲ್ಲಿ ರೋಮಿನಲ್ಲಿದ್ದುಕೊಂಡು ಗ್ರೀಕ್ ಭಾಷೆಯಲ್ಲಿ ಪ್ರಾಣಿಗಳ ವಿಷಯ ಬರೆದ ಈಲಿಯನ್ ಎಂಬಾತನು, ಮ್ಯಾಸಿಡೋನಿಯದ ಜನರು ಕೊಕ್ಕೆಗೆ ಕೆಂಪು ಉಣ್ಣೆಯನ್ನು ಸುತ್ತಿ, ಹುಂಜದ ಎರಡು ಗರಿಗಳನ್ನು ಕಟ್ಟಿ, ಹೊಳೆಯ ಚುಕ್ಕೆಮೀನುಗಳನ್ನು ಮೋಸಗೊಳಿಸುತ್ತಿದ್ದುದನ್ನು ದಾಖಲಿಸಿದ್ದಾನೆ. ಅಲ್ಲಿಂದ ಮೊನ್ನೆಮೊನ್ನೆಯವರೆಗೆ ಫ್ಲೈ ಎಂದರೆ ಟ್ರೌಟ್, ಹೆಚ್ಚೆಂದರೆ ಸಾಲ್ಮನ್. ಮಿಕ್ಕ ಮೀನುಗಳ ಮುಂದೆ ಫ್ಲೈಯನ್ನು ಆಡಿಸುವುದು ಕುಲೀನರಿಗೆ ತಕ್ಕದ್ದಲ್ಲವೆಂಬ ಭಾವನೆ ಗಾಳದವರಲ್ಲಿ ಬೇರೂರಿತ್ತು. ಮನುಷ್ಯರಲ್ಲಿ ಜಾತಿಯನ್ನು ಕಲ್ಪಿಸಿದ ಬುದ್ಧಿ ಮೀನುಗಳನ್ನು ಮಾತ್ರ ಬಿಟ್ಟೀತೆ?

ಬಾಸಿನ ವಿಷಯಕ್ಕೆ ಬರುತ್ತೇನೆ. ಇದರ ಶಾಸ್ತ್ರೀಯ ನಾಮ ಮೈಕ್ರಾಪ್ಟೆರಸ್ ಡಾಲಮ್ಯೂ. ಫ್ರೆಂಚ್ ವಿಜ್ಞಾನಿ ಲಾಸೆಪೇಡ್ 1802ರಲ್ಲಿ ಇದನ್ನು ವರ್ಣಿಸಿದಾಗ ಅವನ ಕೈಗೆ ಬಂದಿದ್ದ ಮೀನಿನ ಬೆನ್ನಿನ ರೆಕ್ಕೆ ಹರಿದಿತ್ತು. ಹರಿದು ಬೇರೆಯಾದ ಆ ತುಣುಕನ್ನೇ ಅವನು ಈ ಜಾತಿಯ ಪುಟ್ಟ ರೆಕ್ಕೆಯೆಂದು ಭಾವಿಸಿ, ಅದಕ್ಕೆ ತಕ್ಕ ಹೆಸರನ್ನಿಟ್ಟು, ಜೊತೆಗೆ ತನ್ನ ಮಿತ್ರನಾದ ಖನಿಜಶಾಸ್ತ್ರಜ್ಞ ಡಾಲಮ್ಯೂವಿನ ಹೆಸರನ್ನೂ ಸೇರಿಸಿದನು. ಡಾಲಮೈಟ್ ಎಂಬ ಶಿಲೆಗೂ ಆ ಮಹನೀಯನದೇ ಹೆಸರು. ಕಂಚಿನ ಬಣ್ಣದ ಮೈ, ಪಕ್ಕೆಗಳ ಮೇಲೆ ಬೆನ್ನಿನಿಂದ ಹೊಟ್ಟೆಯ ಕಡೆಗಿಳಿದ ಕಂದು ಪಟ್ಟೆ, ಕೆಂಪು ಕಣ್ಣು; ಒಂದು ಕಿಲೋ ತೂಗಿದರೆ ಹೊಳೆಯಲ್ಲಿ ಅದು ಒಳ್ಳೆಯ ಮೀನು. ವಸಂತದಲ್ಲಿ ಗಂಡು ಬಾಸ್ ಹರಳುಗಲ್ಲಿನ ನೆಲವನ್ನು ಬಾಲದಿಂದ ಗುಡಿಸಿ ಗೂಡು ಮಾಡಿ, ಹೆಣ್ಣು ಮೊಟ್ಟೆಯಿಟ್ಟು ಹೊರಟುಹೋದ ಮೇಲೆ ತಾನೊಬ್ಬನೇ ಕಾವಲು ನಿಂತು, ಮರಿಗಳು ಚದುರುವವರೆಗೆ ಹತ್ತಿರ ಬಂದವರನ್ನೆಲ್ಲ ಅಟ್ಟುತ್ತದೆ. ಗಾಳಕ್ಕೆ ಸಿಕ್ಕಾಗಲೂ ಅದೇ ಸ್ವಭಾವ. ನೀರಿನಿಂದ ಮೇಲಕ್ಕೆ ನೆಗೆದು, ತಲೆಯನ್ನು ಕೊಡವಿ, ಮತ್ತೆ ತಳಕ್ಕೆ ಮುಳುಗಿ, ಸೋತಿತೆಂದು ನಾವು ತಿಳಿದ ಗಳಿಗೆಯಲ್ಲಿಯೇ ಇನ್ನೊಮ್ಮೆ ನೆಗೆಯುತ್ತದೆ. ವೃತ್ತಿಯಿಂದ ವೈದ್ಯನಾಗಿದ್ದ ಜೇಮ್ಸ್ ಹೆನ್‌ಶಾಲ್ 1881ರಲ್ಲಿ ಬಾಸ್ ಮೀನುಗಳ ಮೇಲೆಯೇ ದೊಡ್ಡ ಗ್ರಂಥ ಬರೆದು ಇದರ ಪರಾಕ್ರಮವನ್ನು ಕೊಂಡಾಡಿದ ನಂತರ ಟ್ರೌಟಿನ ಭಕ್ತರೂ ಇದನ್ನು ಪಂಕ್ತಿಗೆ ಸೇರಿಸಿಕೊಂಡರು.

ಆದರೆ ಪೊಟೋಮ್ಯಾಕ್ ಬಾಸಿನ ತವರಲ್ಲ. ಮಹಾಸರೋವರಗಳು, ಒಹಾಯೋ ಮತ್ತು ಮೇಲಣ ಮಿಸಿಸಿಪ್ಪಿಯ ಕಣಿವೆಗಳು ಅದರ ಹುಟ್ಟೂರು. ಅಪಲೇಚಿಯನ್ ಪರ್ವತಶ್ರೇಣಿಯನ್ನು ದಾಟಿ ಅಟ್ಲಾಂಟಿಕ್ ಕಡೆಗೆ ಹರಿಯುವ ಹೊಳೆಗಳಿಗೆ ಬರುವ ದಾರಿ ಅದಕ್ಕಿರಲಿಲ್ಲ. ಆ ದಾರಿಯನ್ನು ತೆರೆದದ್ದು ರೈಲು. ಬಾಲ್ಟಿಮೋರ್ ಮತ್ತು ಒಹಾಯೋ ರೈಲುಮಾರ್ಗ ಒಹಾಯೋ ನದೀತೀರದ ವ್ಹೀಲಿಂಗ್ ಪಟ್ಟಣವನ್ನು ಮುಟ್ಟಿದ ಸ್ವಲ್ಪ ಕಾಲದಲ್ಲಿಯೇ, 1854ರಲ್ಲಿ, ಅಲ್ಲಿನ ಜನರಲ್ ವಿಲಿಯಂ ಶ್ರೈವರ್ ಎಂಬವರು ಸುಮಾರು ಮೂವತ್ತು ಬಾಸ್‌ಗಳನ್ನು ತೂತುಗಳಿದ್ದ ತಗಡಿನ ಪಾತ್ರೆಯಲ್ಲಿ ಹಾಕಿ, ಆ ಪಾತ್ರೆಯನ್ನು ಉಗಿಯಂತ್ರದ ನೀರಿನ ತೊಟ್ಟಿಯೊಳಗೆ ಇಳಿಬಿಟ್ಟು, ಬೆಟ್ಟಗಳನ್ನು ದಾಟಿಸಿ ತಂದು, ಕಂಬರ್ಲ್ಯಾಂಡಿನಲ್ಲಿ, ಹೊಳೆಯ ದಡದ ಆ ಕಾಲುವೆಯ ಕೊಳಕ್ಕೆ ಬಿಟ್ಟರು. ಕಾಲುವೆಯಿಂದ ಹೊಳೆಗೆ ಹೋಗುವುದು ಮೀನಿಗೆ ಯಾರೂ ಕಲಿಸಬೇಕಾದ ಪಾಠವಲ್ಲವಷ್ಟೆ. ಇಂದು ಈ ಹೊಳೆಯುದ್ದಕ್ಕೂ ಹೆಮ್ಮೆಯ ಸ್ವಂತ ಮೀನೆಂದು ಅಲ್ಲಿಯವರು ತೋರಿಸುವ ಬಾಸ್, ಇಂಜಿನಿನ ತೊಟ್ಟಿಯಲ್ಲಿ ಬಂದ ಆ ವಲಸೆಗಾರರ ಸಂತತಿ.

ಬೇಸಗೆಯಲ್ಲಿ ಇದನ್ನು ಹಿಡಿಯುವ ಕ್ರಮ ಸರಳವೂ ಸುಖಕರವೂ ಆದದ್ದು. ಹಾರ್ಪರ್ಸ್ ಫೆರಿಯಿಂದ ಕೆಳಗೆ ಹೊಳೆಗೆ ಅಡ್ಡಲಾಗಿ ಬಂಡೆಯ ಹಾಸುಗಳು ಸಾಲುಸಾಲಾಗಿ ಹಾದುಹೋಗಿವೆ. ನೀರು ಇಳಿದಾಗ ಒಂದೊಂದು ಹಾಸಿನ ಕೆಳಗೂ ಸೊಂಟದುದ್ದದ ಮಡುವೊಂದು ಉಳಿಯುತ್ತದೆ. ಚಳಿಗಾಲದಲ್ಲಿ ತೊಡುವ ರಬ್ಬರಿನ ಉಡುಪಿನ ಗೊಡವೆಯಿಲ್ಲದೆ, ಚಡ್ಡಿಯನ್ನುಟ್ಟು, ಜಾರದ ಅಟ್ಟೆಯ ಪಾದರಕ್ಷೆಯನ್ನು ಮೆಟ್ಟಿ ಹೊಳೆಯೊಳಗೆ ನಡೆದುಹೋಗಬಹುದು. ಬೆಳಗಿನ ಜಾವದಲ್ಲಿಯೂ ಸಂಜೆಗತ್ತಲೆಯಲ್ಲಿಯೂ ನೀರಿನ ಮೇಲೆ ತೇಲುವ ಪಾಪರ್ ಎಂಬ ಬೆಂಡಿನ ಫ್ಲೈ ಒಳ್ಳೆಯದು. ಅದು ನೀರಿಗೆ ಬಿದ್ದೊಡನೆ ಎದ್ದ ಅಲೆಯ ಉಂಗುರಗಳೆಲ್ಲ ಕರಗುವವರೆಗೆ ಅಲುಗಿಸದೆ ಬಿಟ್ಟು, ಆಮೇಲೆ ಒಮ್ಮೆ ಮಾತ್ರ ಮೆಲ್ಲನೆ ಜಗ್ಗಬೇಕು. ಹೊಡೆತ ಬರುವುದು ಹೆಚ್ಚಾಗಿ ಆ ನಿಶ್ಚಲವಾದ ಗಳಿಗೆಯಲ್ಲಿ. ಬಿಸಿಲೇರಿತೆಂದರೆ ಬಾಸ್ ಆಳಕ್ಕೆ ಇಳಿದು ಕಲ್ಲುಗಳ ನೆರಳಿನಲ್ಲಿ ಕ್ರೇಫಿಶ್ ಎಂಬ, ಸಿಗಡಿಯ ಬಳಗದ ಜೀವಿಗಳನ್ನು ಹುಡುಕುತ್ತ ತಿರುಗುತ್ತದೆ. ಆಗ ಮುಳುಗುವ ಫ್ಲೈ ಬೇಕು.

ಮುಳುಗುವ ಫ್ಲೈಗಳಲ್ಲಿ ಕ್ಲೌಸರ್ ಮಿನೋ ಎಂಬುದರ ರಚನೆಯನ್ನು ಹತ್ತಿರದಿಂದ ನೋಡಿದರೆ ಈ ಕಲೆಯಲ್ಲಿ ಎಷ್ಟು ಯುಕ್ತಿ ಅಡಗಿದೆಯೆಂಬುದು ತಿಳಿದೀತು. ನೆರೆಯ ಪೆನ್ಸಿಲ್ವೇನಿಯದ ಸಸ್ಕ್ವೆಹನಾ ನದಿಯಲ್ಲಿ ಬಾಸ್ ಹಿಡಿಯುವವರಿಗೆ ಮಾರ್ಗದರ್ಶಿಯಾಗಿದ್ದ ಬಾಬ್ ಕ್ಲೌಸರ್ 1980ರ ದಶಕದಲ್ಲಿ ಇದನ್ನು ರೂಪಿಸಿದನು. ಕೊಕ್ಕೆಯನ್ನು ಸಣ್ಣ ಹಿಡಿಕಟ್ಟಿನಲ್ಲಿ ಬಿಗಿದು, ಅದರ ಕಾಲಿನ ಮೇಲ್ಭಾಗದಲ್ಲಿ, ದಾರ ಪೋಣಿಸುವ ಕಣ್ಣಿಗಿಂತ ಸ್ವಲ್ಪ ಹಿಂದಕ್ಕೆ, ಎರಡು ಗುಂಡುಗಳನ್ನು ಜೋಡಿಸಿದ ಸೀಸದ ತುಂಡೊಂದನ್ನು ಅಡ್ಡಡ್ಡವಾಗಿ ನೂಲಿನಿಂದ ಸುತ್ತಿ ಕಟ್ಟುತ್ತಾರೆ. ಜಿಂಕೆಯ ಬಾಲದ ಬಿಳಿಯ ಕೂದಲನ್ನು ತೆಳ್ಳಗೆ, ಬೆಂಕಿಕಡ್ಡಿಗಿಂತ ದಪ್ಪವಾಗದಂತೆ ತೆಗೆದುಕೊಂಡು ಒಂದು ಪದರ, ಕೊಕ್ಕೆಯನ್ನು ತಲೆಕೆಳಗು ಮಾಡಿ ಮಿನುಗುವ ಕೆಲವು ಎಳೆಗಳು, ಅವುಗಳ ಮೇಲೆ ಹಸಿರೋ ಕಂದೋ ಬಣ್ಣದ ಕೂದಲಿನ ಇನ್ನೊಂದು ಪದರ, ಅಷ್ಟೆ. ಸೀಸದ ಭಾರ ಮೇಲ್ಭಾಗದಲ್ಲಿರುವುದರಿಂದ ನೀರಿನಲ್ಲಿ ಫ್ಲೈ ತಾನಾಗಿ ಮಗುಚಿಕೊಂಡು, ಕೊಕ್ಕೆಯ ಮೊನೆ ಮೇಲ್ಮುಖವಾಗುತ್ತದೆ. ಕಲ್ಲುತಳದ ಮೇಲೆ ಎಳೆದರೂ ಅದು ಅಷ್ಟಾಗಿ ಸಿಕ್ಕಿಬೀಳುವುದಿಲ್ಲ. ಜಗ್ಗಿದಾಗ ಮುಂದೆ ಚಿಮ್ಮಿ, ನಿಲ್ಲಿಸಿದಾಗ ತಲೆಯನ್ನು ತಗ್ಗಿಸಿ ತಳಕ್ಕಿಳಿಯುವ ಅದರ ನಡೆ, ಬೆದರಿ ಓಡುವ ಮರಿಮೀನಿನ ನಡೆ. ಕೂದಲನ್ನು ಹೆಚ್ಚಾಗಿ ತುಂಬಿ ಕಟ್ಟುವುದು ಹೊಸಬರ ಸಾಮಾನ್ಯ ದೋಷ. ತೆಳುವಾದಷ್ಟೂ ಫ್ಲೈಗೆ ಜೀವ ಬರುತ್ತದೆ. ಇದಕ್ಕೆ ಕ್ಲೌಸರನ ಹೆಸರನ್ನಿಟ್ಟು ಲೋಕಕ್ಕೆ ಪರಿಚಯಿಸಿದವನು ಲೆಫ್ಟಿ ಕ್ರೇ. ಪೊಟೋಮ್ಯಾಕಿಗೆ ಸಮೀಪದ ಫ್ರೆಡೆರಿಕ್ ಪಟ್ಟಣದವನಾದ ಕ್ರೇ (1925-2018), ಗಡಿಯಾರದ ಮುಳ್ಳುಗಳ ಲೆಕ್ಕದಲ್ಲಿ ಕೋಲು ಬೀಸುತ್ತಿದ್ದ ಹಳೆಯ ಶಿಕ್ಷಣಕ್ರಮವನ್ನು ಬಿಡಿಸಿ, ಕೋಲು ಎಷ್ಟು ದೂರ ಸಾಗಿದರೆ ಅಷ್ಟು ಅನುಕೂಲವೆಂದು ಹೊಸ ಕ್ರಮವನ್ನು ಕಲಿಸಿದ ಗುರು. ಅವನು ರಚಿಸಿದ ಡಿಸೀವರ್ ಎಂಬ ಫ್ಲೈ 1991ರಲ್ಲಿ ಅಮೆರಿಕದ ಅಂಚೆಚೀಟಿಯ ಮೇಲೆ ಅಚ್ಚಾಯಿತು.

ಇನ್ನು ಗೆಂಡೆ. ಬಾಸಿನ ಆಗಮನ ಒಬ್ಬ ಖಾಸಗಿ ಮನುಷ್ಯನ ಹುರುಪಿನ ಫಲವಾದರೆ ಗೆಂಡೆಯದು ರಾಜಮರ್ಯಾದೆಯ ಆಗಮನ. ಅತಿಯಾಗಿ ಹಿಡಿದುದರಿಂದ ದೇಶದ ಮೀನುಗಳು ಕ್ಷೀಣಿಸುತ್ತಿದ್ದುದನ್ನು ಕಂಡು 1871ರಲ್ಲಿ ಅಮೆರಿಕದ ಸರ್ಕಾರ ಮತ್ಸ್ಯ ಆಯೋಗವೊಂದನ್ನು ಸ್ಥಾಪಿಸಿ, ಪ್ರಾಣಿಶಾಸ್ತ್ರಜ್ಞನಾದ ಸ್ಪೆನ್ಸರ್ ಬೇರ್ಡನನ್ನು ಅದರ ಮುಖ್ಯಸ್ಥನನ್ನಾಗಿ ಮಾಡಿತು. ಯೂರೋಪಿನಿಂದ ಬಂದು ನೆಲಸಿದ ಜನರು ತಮ್ಮ ಹಬ್ಬದೂಟದ ಗೆಂಡೆ ಇಲ್ಲಿ ದೊರೆಯುವುದಿಲ್ಲವೆಂದು ಹಂಬಲಿಸುತ್ತಿದ್ದರು. ಆ ಮೀನೋ ಬೆಚ್ಚಗಿನ ಕೆಸರುನೀರಿನಲ್ಲಿಯೂ ಬೆಳೆಯಬಲ್ಲುದು, ಸಿಕ್ಕಿದ್ದನ್ನು ತಿನ್ನಬಲ್ಲುದು. ಬೇರ್ಡನ ಏರ್ಪಾಟಿನಂತೆ ರುಡಾಲ್ಫ್ ಹೆಸೆಲ್ ಎಂಬವನು 1877ರಲ್ಲಿ ಜರ್ಮನಿಯಿಂದ 345 ಗೆಂಡೆಗಳನ್ನು ಹಡಗಿನಲ್ಲಿ ಜೀವಸಹಿತ ತಂದು ಬಾಲ್ಟಿಮೋರಿನ ಉದ್ಯಾನದ ಕೊಳಗಳಲ್ಲಿ ಬಿಟ್ಟನು. ಮರುವರ್ಷವೇ ಅವುಗಳಲ್ಲಿ ಕೆಲವಕ್ಕೆ ರಾಜಧಾನಿ ವಾಷಿಂಗ್ಟನ್ನಿನಲ್ಲಿ, ಅದೂ ವಾಷಿಂಗ್ಟನ್ ಸ್ಮಾರಕಸ್ತಂಭದ ನೆರೆಯಲ್ಲಿ, ಪೊಟೋಮ್ಯಾಕಿಗೆ ಕೂಗಳತೆಯ ದೂರದಲ್ಲಿ, ಕೊಳಗಳು ಸಿದ್ಧವಾದವು. ಅವು ಮರಿಹಾಕಿದಂತೆಲ್ಲ ನಾಡಿನ ಮೂಲೆಮೂಲೆಯ ರೈತರು ತಮಗೂ ಗೆಂಡೆಯ ಮರಿಗಳು ಬೇಕೆಂದು ತಮ್ಮ ಪ್ರತಿನಿಧಿಗಳಿಗೆ ಅರ್ಜಿ ಬರೆದರು. ಕಾಂಗ್ರೆಸ್ಸಿನ ಸದಸ್ಯರು ಮತದಾರರಿಗೆ ಮಾಡುವ ಉಪಕಾರಗಳಲ್ಲಿ ಗೆಂಡೆಯ ಮರಿಗಳನ್ನು ಕೊಡಿಸುವುದೂ ಒಂದಾಯಿತು.

ಎರಡು ದಶಕಗಳು ಕಳೆಯುವುದರೊಳಗೆ ಸನ್ಮಾನ ಶಾಪಕ್ಕೆ ತಿರುಗಿತು. ಗೆಂಡೆಗೆ ದವಡೆಯಲ್ಲಿ ಹಲ್ಲಿಲ್ಲ. ಮೀಸೆಗಳಿಂದ ಕೆಸರಿನ ರುಚಿ ನೋಡುತ್ತ, ಬಾಯಿಯಿಂದ ತಳವನ್ನು ಹೀರಿ, ಬೇಕಾದುದನ್ನು ಗಂಟಲ ಹಲ್ಲುಗಳಿಂದ ಅರೆದು, ಬೇಡವಾದುದನ್ನು ಉಗಿಯುವುದು ಅದರ ಭೋಜನಕ್ರಮ. ಇದರಿಂದ ನೀರು ಬಗ್ಗಡವಾಯಿತು, ನೀರಸಸ್ಯಗಳು ಬೇರುಸಹಿತ ಕಿತ್ತುಬಂದವು, ಅವನ್ನು ನಂಬಿದ ಕಾಡುಬಾತುಗಳಿಗೂ ದೇಶೀಯ ಮೀನುಗಳಿಗೂ ಕೇಡಾಯಿತು. ಕೆಸರಿನ ಕೊಳದಿಂದ ಹಿಡಿದು ನೇರವಾಗಿ ಬಾಣಲೆಗೆ ಹಾಕಿದವರಿಗೆ ರುಚಿಯೂ ಸೇರಲಿಲ್ಲ. ಕರೆತಂದ ಸರ್ಕಾರವೇ ಮುಂದೆ ಅದನ್ನು ನಿರ್ಮೂಲ ಮಾಡುವ ಉಪಾಯಗಳಿಗಾಗಿ ಹಣ ಸುರಿಯಿತು. ದೂರುಗಳಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಅದೇ ಹೊಳೆಗೆ ಅದೇ ಶತಮಾನದಲ್ಲಿ ಹೊರಗಿನಿಂದಲೇ ಬಂದು, ಅಲ್ಲಿನ ಪುಡಿಮೀನುಗಳನ್ನು ಹಾಡುಹಗಲೇ ನುಂಗುತ್ತಿರುವ ಬಾಸನ್ನು ಯಾರೂ ಪರಕೀಯನೆಂದು ಹಳಿಯಲಿಲ್ಲವೆಂಬುದನ್ನು ಗಮನಿಸಿದಾಗ, ಮೀನಿನ ಯೋಗ್ಯತೆಯನ್ನು ಅಳೆಯುವ ನಮ್ಮ ತಕ್ಕಡಿಯಲ್ಲಿ ಪ್ರಕೃತಿಯ ಹಿತಕ್ಕಿಂತ ನಮ್ಮ ವಿನೋದದ ಬಟ್ಟೇ ಹೆಚ್ಚು ತೂಗುತ್ತದೆಂದು ಹೇಳದಿರಲಾರೆ.

ಅಪಕೀರ್ತಿಯ ಈ ಮೀನನ್ನು ಫ್ಲೈಯಿಂದ ಹಿಡಿಯುವ ಹುಚ್ಚು ಅಮೆರಿಕದಲ್ಲಿ ಬಲವಾಗಿ ಹಬ್ಬಿದ್ದು ಕಳೆದ ಶತಮಾನದ ಕೊನೆಯ ದಶಕದಿಂದೀಚೆಗೆ. ಬಾಸನ್ನು ಬಲ್ಲವರು ಗೆಂಡೆ ಅದಕ್ಕಿಂತ ಸುಲಭವೆಂದು ತಿಳಿದು ಹೋಗಿ ತಲೆತಗ್ಗಿಸಿ ಬರುವುದುಂಟು. ಗೆಂಡೆಯ ಬಂಧುವರ್ಗದ ಮೀನುಗಳಲ್ಲಿ ಗಾಳಿಚೀಲದ ಕಂಪನವನ್ನು ಒಳಗಿವಿಗೆ ಮುಟ್ಟಿಸುವ ಸಣ್ಣ ಎಲುಬುಗಳ ಸರಣಿಯೊಂದಿದೆ. ಜರ್ಮನಿಯ ಏರ್ನ್ಸ್ಟ್ ವೇಬರ್ 1820ರಲ್ಲಿ ವರ್ಣಿಸಿದ ಈ ಅಂಗದಿಂದಾಗಿ ಅವುಗಳ ಶ್ರವಣಶಕ್ತಿ ಬಹಳ ಸೂಕ್ಷ್ಮ, ನೀರಿನಲ್ಲಿ ಕಾಲು ಕಲ್ಲಿಗೆ ತಾಗಿದ ಸದ್ದು ಸಾಕು. ಇನ್ನೊಂದು ಸಂಗತಿಯನ್ನು ಜೇನಿನ ನೃತ್ಯಭಾಷೆಯನ್ನು ಬಿಡಿಸಿ ಪ್ರಖ್ಯಾತನಾದ ಕಾರ್ಲ್ ಫಾನ್ ಫ್ರಿಷ್ 1938ರಲ್ಲಿ ಪ್ರಕಟಿಸಿದನು. ಈ ಬಳಗದ ಒಂದು ಪುಟ್ಟ ಮೀನಿನ ಚರ್ಮಕ್ಕೆ ಗಾಯವಾದಾಗ ನೀರಿನಲ್ಲಿ ಬೆರೆಯುವ ಒಂದು ದ್ರವ್ಯವನ್ನು ಗ್ರಹಿಸಿ ಉಳಿದವು ಭಯದಿಂದ ಚದುರುತ್ತವೆಂಬುದು ಅವನ ಶೋಧನೆ. ಗೆಂಡೆಗೂ ಈ ಗುಣವಿದೆ. ಗುಂಪಿನಲ್ಲಿ ಒಂದು ಬೆದರಿತೆಂದರೆ ಆ ತಾಣದಲ್ಲಿ ಕೆಲಸ ಮುಗಿಯಿತು.

ಆದುದರಿಂದ ಇಲ್ಲಿ ಬೇಟೆ ಮೊದಲಾಗುವುದು ಕಣ್ಣಿನಿಂದ. ಸೂರ್ಯನನ್ನು ಬೆನ್ನಿಗಿಟ್ಟುಕೊಂಡು, ಪೊಲರಾಯ್ಡ್ ಕನ್ನಡಕವನ್ನು ಧರಿಸಿ, ಮೊಣಕಾಲುದ್ದದ ನೀರಿನಲ್ಲಿ ಒಂದೊಂದೇ ಹೆಜ್ಜೆಯಿಡುತ್ತ, ತಲೆಯನ್ನು ಕೆಸರಿಗಿಟ್ಟು ಬಾಲವನ್ನು ಮೇಲೆತ್ತಿ ಮೇಯುತ್ತಿರುವ ಗೆಂಡೆಯನ್ನು ಹುಡುಕಬೇಕು. ಸುಮ್ಮನೆ ಬಿಸಿಲು ಕಾಯುತ್ತ ತೇಲಿರುವುದನ್ನೂ, ಎಲ್ಲಿಗೋ ಅವಸರದಲ್ಲಿ ಹೊರಟಿರುವುದನ್ನೂ ಬಿಟ್ಟುಬಿಡುವುದು ಜಾಣತನ. ಅವು ತಿನ್ನುವ ಮನಸ್ಸಿನಲ್ಲಿರುವುದಿಲ್ಲ. ಮೇಯುವುದು ಕಂಡರೆ ಫ್ಲೈಯನ್ನು ಅದರ ತಲೆಯ ಮೇಲೆ ಹಾಕದೆ, ಆಚೆಗೆ ಒಂದೆರಡು ಮಾರು ದಾಟಿಸಿ ಇಳಿಸಿ, ನೀರಿನ ಮೇಲ್ಭಾಗದಲ್ಲಿಯೇ ಮೆಲ್ಲನೆ ಎಳೆದು ತಂದು, ಮೂತಿಯ ಮುಂದೆ ಊಟದ ತಟ್ಟೆಯಗಲದ ಜಾಗದೊಳಗೆ ಮುಳುಗಲು ಬಿಡಬೇಕು. ಆಮೇಲೆ ಅಲುಗಿಸಬಾರದು. ಬಾಸ್ ಹೊಡೆಯುತ್ತದೆ, ಗೆಂಡೆ ಹೀರುತ್ತದೆ. ಅದು ಫ್ಲೈಯನ್ನು ಬಾಯೊಳಕ್ಕೆ ಎಳೆದುಕೊಂಡದ್ದು ಕೈಗೆ ತಿಳಿಯುವುದಿಲ್ಲ, ದಾರ ಅಲುಗುವುದಿಲ್ಲ. ಕಿವಿರು ತುಸು ಅರಳಿತೋ, ತುಟಿಯ ಬಿಳುಪು ಒಮ್ಮೆ ಹೊಳೆಯಿತೋ, ಬಾಲ ಒಂದು ಸಲ ನಡುಗಿತೋ, ಅಷ್ಟರಿಂದ ಊಹಿಸಿ ದಾರವನ್ನು ಬಿಗಿಹಿಡಿಯಬೇಕು. ಅರೆಗಳಿಗೆ ತಡವಾದರೆ ಅದು ಉಗಿದುಬಿಟ್ಟಿರುತ್ತದೆ. ಕೊಕ್ಕೆ ಹಿಡಿಯಿತೆಂದರೆ ಐದಾರು ಕಿಲೋ ತೂಕದ ದೇಹ ಒಂದೇ ಉಸಿರಿಗೆ ಹೊಳೆಯ ನಡುಭಾಗಕ್ಕೆ ನುಗ್ಗಿ, ಮೂವತ್ತು ಗಜದ ದಪ್ಪ ದಾರವೆಲ್ಲ ರೀಲಿನಿಂದ ಓಡಿಹೋಗಿ ಅದರಡಿಯ ತೆಳು ಹುರಿ ಕಾಣಿಸಿಕೊಳ್ಳುತ್ತದೆ. ಬಾಸಿನಂತೆ ಇದು ನೆಗೆದು ಆಟ ತೋರುವುದಿಲ್ಲ. ಎಳೆತದ ಬಲದಲ್ಲಿಯಾದರೋ ಇದರ ಮುಂದೆ ಬಾಸ್ ಬಾಲಕ.

ಜೂನ್ ತಿಂಗಳಲ್ಲಿ ಇನ್ನೊಂದು ಸೊಗಸಿದೆ. ದಡದ ಮೇಲಿನಿಂದ ನೀರಿಗೆ ಬಾಗಿದ ಹಿಪ್ಪುನೇರಳೆಯ ಮರಗಳಲ್ಲಿ ಹಣ್ಣು ಮಾಗಿ ತೊಟ್ಟಿಕ್ಕುವಾಗ ಗೆಂಡೆಗಳು ಆ ಮರದಡಿಯಲ್ಲಿ ನೆರೆದು, ಟಪ್ಪೆಂದು ಹಣ್ಣು ಬಿದ್ದ ಸದ್ದಿಗೆ ತಿರುಗಿ, ಬಾಯಿ ತೆರೆದು ಮೇಲಕ್ಕೆ ಬರುತ್ತವೆ. ಮಿಕ್ಕ ಕಾಲದಲ್ಲಿ ಫ್ಲೈ ಸದ್ದಿಲ್ಲದೆ ಬೀಳಬೇಕೆಂಬ ನಿಯಮ ಇಲ್ಲಿ ತಲೆಕೆಳಗು. ನೇರಳೆ ಬಣ್ಣದ ಕೂದಲನ್ನು ಉಂಡೆಯಾಗಿ ಕತ್ತರಿಸಿ ಕಟ್ಟಿದ ಹಣ್ಣಿನ ಫ್ಲೈ ಹಣ್ಣಿನಷ್ಟೇ ಸದ್ದು ಮಾಡಿ ಬೀಳಬೇಕು. ಹುಳುವನ್ನು ಅನುಕರಿಸಲು ಹುಟ್ಟಿದ ವಿದ್ಯೆ ಹಣ್ಣನ್ನು ಅನುಕರಿಸುವವರೆಗೆ ಬಂದುದನ್ನು ಈಲಿಯನ್ ಕಂಡಿದ್ದರೆ ಏನೆನ್ನುತ್ತಿದ್ದನೋ!

ಹೊಳೆಯ ಆರೋಗ್ಯದ ಸ್ಥಿತಿಯನ್ನು ಮರೆಮಾಚುವುದು ಸರಿಯಲ್ಲ. ಪೊಟೋಮ್ಯಾಕಿನ ದಕ್ಷಿಣದ ಕವಲಿನಲ್ಲಿ 2003ರಲ್ಲಿ ಪರೀಕ್ಷಿಸಿದ ಗಂಡು ಬಾಸ್‌ಗಳ ವೃಷಣಗಳಲ್ಲಿ ಮೊಟ್ಟೆಯ ಕಣಗಳು ಕಂಡುಬಂದವು; ಹಾರ್ಮೋನುಗಳ ಕೆಲಸವನ್ನು ಕೆಡಿಸುವ ರಾಸಾಯನಿಕಗಳು ಹೊಲಗಳಿಂದಲೂ ಚರಂಡಿನೀರಿನಿಂದಲೂ ಹೊಳೆಗೆ ಸೇರುತ್ತಿರುವುದರ ಕಡೆಗೆ ವಿಜ್ಞಾನಿಗಳು ಬೆರಳು ತೋರಿದರು. ಸಸ್ಕ್ವೆಹನಾದಲ್ಲಿ 2005ರಿಂದ ಬಾಸಿನ ಮರಿಗಳು ರೋಗದಿಂದ ಸಾಯತೊಡಗಿದಾಗ, ಆ ನದಿಯ ಬಹುದೂರದವರೆಗೆ ಹಿಡಿದ ಬಾಸನ್ನು ಒಡನೆಯೇ ಬಿಟ್ಟುಬಿಡಬೇಕೆಂದು ಪೆನ್ಸಿಲ್ವೇನಿಯದ ಮತ್ಸ್ಯ ಇಲಾಖೆ 2011ರಲ್ಲಿ ಕಟ್ಟಳೆ ಮಾಡಿತು. ಇದೇ ನೀರಿನಲ್ಲಿ ಗೆಂಡೆ ಪುಷ್ಟವಾಗಿಯೇ ಇದೆ. ಕೆಟ್ಟ ನೀರಿಗೆ ಗೆಂಡೆಯೇ ಕಾರಣವೆಂದು ಬಹುಕಾಲ ಹೇಳಿದವರು, ನೀರು ಕೆಟ್ಟುದರಿಂದ ಮಿಕ್ಕವು ಅಳಿದು ಗೆಂಡೆ ಉಳಿಯಿತೆಂಬ ಇನ್ನೊಂದು ಅರ್ಥವನ್ನು ಯೋಚಿಸಲಿಲ್ಲ.

ನಮ್ಮ ನಾಡಿನಲ್ಲಿ ಈ ಕಥೆಗೆ ನೆಂಟಸ್ತಿಕೆಯಿದೆ. ಕಾವೇರಿಯ ಮಹಶೀರ ಗೆಂಡೆಯ ಬಳಗದ್ದೇ. ಮೈಸೂರಿನ ವಾನ್ ಇಂಗೆನ್ ಮನೆತನದ ಬೇಟೆಗಾರರೊಬ್ಬರು 1946ರಲ್ಲಿ ಕಪಿಲೆಯಲ್ಲಿ ಹಿಡಿದ 120 ಪೌಂಡಿನ ಮೀನು ಗಾಳದವರ ಲೋಕದಲ್ಲಿ ಇಂದಿಗೂ ದಂತಕಥೆ. ಗೂನುಬೆನ್ನಿನ ಆ ಮಹಶೀರಕ್ಕೆ ಟಾರ್ ರೆಮದೇವಿಯೈ ಎಂಬ ಶಾಸ್ತ್ರೀಯ ಹೆಸರು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ತೀವ್ರ ಅಪಾಯಕ್ಕೊಳಗಾದ ಜೀವಿಗಳ ಪಟ್ಟಿಯನ್ನೂ ಸೇರಿತು. ಮಹಶೀರದ ಸಂತತಿ ಹೆಚ್ಚಲೆಂಬ ಸದುದ್ದೇಶದಿಂದ ಮಹಾರಾಷ್ಟ್ರದ ಲೋಣಾವಳದ ಮರಿಕೇಂದ್ರದಿಂದ ತಂದು 1970ರ ದಶಕದ ಕೊನೆಯಿಂದ ಕಾವೇರಿಗೆ ಬಿಟ್ಟ ನೀಲಿರೆಕ್ಕೆಯ ಬೇರೊಂದು ಮಹಶೀರ, ಗೂನುಬೆನ್ನಿನ ಮೂಲನಿವಾಸಿಯ ಅವನತಿಗೆ ಕಾರಣಗಳಲ್ಲೊಂದೆಂದು ಸಂಶೋಧಕರ ಅಭಿಪ್ರಾಯ. ಬೇರ್ಡನಿಗಿದ್ದ ಸದುದ್ದೇಶವೇ ಇಲ್ಲಿಯೂ ಇತ್ತು. ಸಾಮಾನ್ಯ ಗೆಂಡೆಯಂತೂ 1939ರಲ್ಲಿ ಸಿಂಹಳದಿಂದ ಊಟಿಯ ಕೆರೆಗೆ ಬಂದು, 1957ರಲ್ಲಿ ಬ್ಯಾಂಕಾಕಿನಿಂದ ಇನ್ನೊಂದು ತಳಿಯಾಗಿ ಮತ್ತೆ ಬಂದು, ಈಗ ನಮ್ಮ ಕೆರೆಗಳಲ್ಲಿ ಬೆಳೆದು ಸಂತೆಯಲ್ಲಿ ಮಾರಾಟವಾಗುತ್ತಿದೆ.

ವಾಷಿಂಗ್ಟನ್ನಿನ ಸುತ್ತಮುತ್ತ ನೆಲಸಿರುವ ಕನ್ನಡಿಗರು ತಮ್ಮ ಸಂಘಕ್ಕೆ 'ಕಾವೇರಿ' ಎಂದು ಹೆಸರಿಟ್ಟುಕೊಂಡಿದ್ದಾರೆ. ಅವರಲ್ಲಿ ಯಾರಿಗಾದರೂ ಮನೆಯ ಪಕ್ಕದ ಹೊಳೆಯಲ್ಲಿಯೂ ಇಳಿದು ನೋಡುವ ಮನಸ್ಸಾದರೆ ಎರಡು ಮಾತು ಹೇಳುವುದಿದೆ. ಗಾಳ ಹಾಕುವುದಕ್ಕೆ ಪರವಾನಗಿ ಕಡ್ಡಾಯ, ಅದನ್ನು ಮೊದಲು ಪಡೆಯಿರಿ. ಗ್ರೇಟ್ ಫಾಲ್ಸ್‌ನ ಕೆಳಗಿನ ಕಮರಿಯಲ್ಲಿ ನೀರಿಗಿಳಿಯುವುದು ನಿಷಿದ್ಧ. ಮೇಲೆ ಶಾಂತವಾಗಿ ಕಾಣುವ ಆ ನೀರಿನ ಸೆಳೆತ ಈಜುಬಲ್ಲವರನ್ನೂ ಬಿಟ್ಟಿಲ್ಲ, ಆದ್ದರಿಂದ ಬಾಸಿಗಾಗಿ ಮೇಲಣ ಬ್ರನ್ಸ್‌ವಿಕ್ಕಿನ ಕಡೆಗೆ ಹೋಗಿ, ಅಲ್ಲಿಯೂ ಗುಡುಗುಮಳೆ ಬಂದು ನೀರು ಕೆಂಪಾದ ದಿನ ದಡದಲ್ಲಿಯೇ ಇರಿ. ಗೆಂಡೆಯನ್ನು ನೋಡುವುದಕ್ಕೆ ಊರು ಬಿಟ್ಟು ಹೋಗಬೇಕಾದುದೂ ಇಲ್ಲ. ಚೆರ್ರಿ ಮರಗಳಿಗೆ ಹೆಸರಾದ ನಗರಮಧ್ಯದ ಟೈಡಲ್ ಬೇಸಿನ್ನಿನಲ್ಲಿಯೇ ಅವು ಇವೆ. ಹಿಪ್ಪುನೇರಳೆಯ ಕಾಲವಲ್ಲದೆ ಅವು ಮೈಮರೆತು ನೀರಿನ ಮೇಲ್ಮೈಗೆ ಬಂದು ಮೇಯುವ ಇನ್ನೊಂದು ಕಾಲವಿದೆ: ಹದಿನೇಳು ವರ್ಷ ನೆಲದೊಳಗಿದ್ದು ಒಮ್ಮೆಲೇ ಮೇಲೇಳುವ ಜೀರುಂಡೆಗಳು ನೀರಿಗೆ ಬಿದ್ದಾಗ. ಆ ಜೀರುಂಡೆಗಳು ಪೊಟೋಮ್ಯಾಕಿನ ದಡದಲ್ಲಿ 2004ರಲ್ಲಿ ಬಂದಿದ್ದವು, 2021ರಲ್ಲಿ ಬಂದಿದ್ದವು. ಮುಂದೆ ಬರುವುದು 2038ರ ಮೇ ತಿಂಗಳಲ್ಲಿ.